ಬಿಸಿಲೇರುವ ಮೊದಲು ಮೂಡಲಗಿ

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚೆ ನಾನು ಗೋಕಾಕ, ಹುಕ್ಕೇರಿ ಕಡೆಯ ಊರುಗಳಲ್ಲಿ ದೇವಿ ಹಾಕುವ ಕೆಲಸದಲ್ಲಿದ್ದೆ. ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುತ್ತಾರೆ. ಅದು ಬಾರದ ಹಾಗೆ ಮಕ್ಕಳ ತೋಳಿನಲ್ಲಿ ಔಷಧ ಗೀರುವವನು ನಾನು. ಡಾಕ್ಟರಿಕೆ ಓದಿದವನಲ್ಲ, ಆದರೂ ಜನ ‘ದೇವಿ ಡಾಕ್ಟರು’ ಎಂದು ಕರೆಯುತ್ತಿದ್ದರು. ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ಔಷಧ ಸಣ್ಣ ಗಾಜಿನ ನಳಿಗೆಗಳಲ್ಲಿ ಬೆಳಗಿನ ರೈಲಿಗೆ ಗೋಕಾಕ ರೋಡ್ ಸ್ಟೇಶನ್ನಿಗೆ ಬರುತ್ತಿತ್ತು. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೈಕಲ್ಲಿನ ಮೇಲೆ ಕೊಣ್ಣೂರ, ಗೋಕಾಕ, ಕಲ್ಲೋಳಿ ದಾಟಿಸಿ ಮೂಡಲಗಿಗೆ ಒಯ್ಯಬೇಕು. ಬಿಸಿ ತಾಗಿದರೆ ಔಷಧ ಸತ್ತಂತೆಯೇ. ಚಳಿಗಾಲದಲ್ಲಿ ಚಿಂತೆಯಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಬಿಸಿಲು ಚುರುಗುಟ್ಟತೊಡಗಿತು. ನಾನು ಮೂಡಲಗಿ ಮುಟ್ಟುವ ಹೊತ್ತಿಗೆ ಸಾಲಿ ಹುಡುಗರು ಮಧ್ಯಾಹ್ನದ ಊಟಕ್ಕೆ ಮನೆಗೆ ಓಡುತ್ತಿರುತ್ತಿದ್ದರು.

ಔಷಧ ಹಾಕಿದ ಎಂಟನೆಯ ದಿನ ಮತ್ತೆ ಹೋಗಿ ತೋಳು ನೋಡುವುದು ಪದ್ಧತಿ. ಗುಳ್ಳೆ ಎದ್ದಿದ್ದರೆ ಹತ್ತಿತು ಎಂದರ್ಥ. ಆ ಸಲ ಮೂಡಲಗಿಯಲ್ಲಿ ನೋಡಿದ ತೋಳುಗಳೆಲ್ಲ ಬೆಣ್ಣೆಯ ಹಾಗೆ ನುಣ್ಣಗಿದ್ದವು. ಒಬ್ಬ ಹೆಣ್ಣುಮಗಳು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಅದರ ತೋಳು ಮುಂದೆ ಹಿಡಿದಳು.

“ನೋಡ್ರಿ ಡಾಕ್ಟರ್ರ, ಒಂದು ಗುಳ್ಳಿನೂ ಎದ್ದಿಲ್ಲ. ಕೂಸಿನ ಅಳಿಸಿದ್ದಷ್ಟ ಬಂತು,” ಎಂದಳು. ಆಮೇಲೆ ದನಿ ತಗ್ಗಿಸಿ, “ಮೊದಲನೇ ಕೂಸು ದೇವಿ ಬಂದು ಹೋತ್ರಿ. ಇದಕ್ಕರ ಸರಿಯಾಗಿ ಹಾಕ್ರಿ,” ಎಂದಳು.

ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

“ಬರೂ ವಾರ ಮತ್ತ ತರತೀನವ್ವಾ,” ಎಂದು ತಲೆ ತಗ್ಗಿಸಿ ಹೊರಟೆ.

ಮರಳುವ ದಾರಿಯಲ್ಲಿ ಗೋಕಾಕದ ಸೈಕಲ್ ಅಂಗಡಿಯ ಮುಂದೆ ಇಳಿದೆ. ಅಂಗಡಿಯ ಮುದುಕ ಮೊದಲು ಬಂಡಿಯ ಗಾಲಿ ಮಾಡುತ್ತಿದ್ದವನು. ಊರಿಗೆ ಸೈಕಲ್ಲುಗಳು ಬಂದ ಮೇಲೆ ಅವನೂ ತೆಳು ಗಾಲಿಗೆ ಇಳಿದಿದ್ದ.

“ಕಾಕಾ, ಸೈಕಲ್ ಓಡವಲ್ದು. ಬಿಸಿಲೇರೂದರಾಗ ಮೂಡಲಗಿ ಮುಟ್ಟಬೇಕು, ಜೋರು ಓಡೂ ಹಂಗ ಮಾಡಿಕೊಡ್ರಿ,” ಎಂದೆ.

ಅವನು ಸೈಕಲ್ ಮುಟ್ಟಲೇ ಇಲ್ಲ. “ಒಂದೀಟು ಹತ್ತ್ರಿ. ಆ ಬೇವಿನ ಗಿಡದ ತನಕ ಹೋಗಿ ಬರ್ರಿ,” ಎಂದ. ಹೋಗಿ ಬಂದೆ. “ಇನ್ನೊಮ್ಮಿ,” ಎಂದ. ಮತ್ತೆ ಹೋಗಿ ಬಂದೆ. ಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತು ನೋಡುತ್ತಿದ್ದರು.

“ಸೈಕಲ್ಲಿಗೆ ಏನೂ ಆಗಿಲ್ರಿ. ನೀವು ಕುಂದರೂದು ಸರಿ ಇಲ್ಲ. ಮೊಣಕಾಲು ಎದಿಗೆ ಬಡಿಯಾಕತ್ತಾವು. ಕುಕ್ಕರಗಾಲಿನಾಗ ಕುಂತು ದಾರಿ ನಡದಂಗ ಆಗೇತಿ ನಿಮ್ಮದು.”

ಸೀಟನ್ನು ನಾಲ್ಕು ಬೆರಳು ಮೇಲಕ್ಕೆ ಎಳೆದು ಬಿಗಿ ಮಾಡಿದ. ನೆಲಕ್ಕೆ ಕಾಲು ಸಿಗುವುದಿಲ್ಲವಲ್ಲ ಎಂದು ನನಗೆ ಅಂಜಿಕೆ. “ನೆಲದ ಮ್ಯಾಲ ಕಾಲು ಇಡಾಕ ಹೊಂಟೀರೋ, ಊರಿಗೆ ಹೊಂಟೀರೋ?” ಎಂದು ಕೇಳಿದ. ಆಮೇಲೆ ಹಿಂದಿನ ಗಾಲಿ ಎತ್ತಿ ತಿರುಗಿಸಿದ. ನಾಲ್ಕು ಸುತ್ತಿಗೆ ನಿಂತಿತು. ಬ್ರೇಕಿನ ರಬ್ಬರು ರಿಮ್ಮಿಗೆ ಉಜ್ಜುತ್ತಿತ್ತು. ಅದನ್ನು ಸರಿಸಿ ಗಾಲಿಯ ನಡುವಿನ ಗುಂಬಕ್ಕೆ ಎಣ್ಣೆ ಬಿಟ್ಟು ಮತ್ತೆ ತಿರುಗಿಸಿದಾಗ ಗಾಲಿ ನಿಲ್ಲುವುದನ್ನು ಕಾಯುತ್ತ ನಾವಿಬ್ಬರೂ ಎಲೆಅಡಿಕೆ ಹಾಕಿಕೊಂಡೆವು. “ಇಷ್ಟು ದಿನ ಬ್ರೇಕ್ ಹಿಡಕೊಂಡ ಮೂಡಲಗಿಗೆ ಹೋಗೀರಿ,” ಎಂದು ನಕ್ಕ. ಗಾಳಿಯನ್ನು ಹೆಬ್ಬೆರಳು ಒತ್ತಿದರೂ ತಗ್ಗದ ಹಾಗೆ ತುಂಬಿದ.

ಕಡೆಗೆ ಅವನ ಕಣ್ಣು ಹಿಂದಿನ ಕ್ಯಾರಿಯರಿಗೆ ಬಿತ್ತು. ಅಲ್ಲಿ ತಗಡಿನ ಟ್ರಂಕು, ಅದರಲ್ಲಿ ರಜಿಸ್ಟರು, ಎರಡು ಧೋತರ, ತಾಮ್ರದ ತಂಬಿಗೆ. ಅದರ ಮೇಲೆ ಹಾಸಿಗೆ.

“ಇದೇನ್ರಿ, ಗಂಡನ ಮನಿಗೆ ಹೊಂಟೀರೇನು?”

ಟ್ರಂಕು, ಹಾಸಿಗೆ ಅವನ ಅಂಗಡಿಯಲ್ಲೇ ಇಳಿದವು; ರಜಿಸ್ಟರು, ಔಷಧ, ಬುತ್ತಿ ಇಷ್ಟು ಮಾತ್ರ ಒಂದು ಚೀಲದಲ್ಲಿ ಉಳಿದವು. ಹೊರಡುವಾಗ ಅವನು ಹೇಳಿದ ಮಾತೇ ಎಲ್ಲಕ್ಕಿಂತ ಕೆಲಸಕ್ಕೆ ಬಂತು: “ಮೊದಲ ಓಡಿ ಆಮ್ಯಾಲ ಗಿಡದ ಕೆಳಗ ಕುಂದರಬ್ಯಾಡ್ರಿ. ಹಾಡು ಹೇಳಾಕ ಉಸಿರು ಉಳಿಯೂ ಹಂಗ ತುಳೀರಿ. ನಿಲ್ಲಬ್ಯಾಡ್ರಿ.”

ಅವನು ಕಂಡವನ ಹಾಗೆ ಹೇಳಿದ್ದ. ಸ್ಟೇಶನ್ನಿನಿಂದ ಕೊಣ್ಣೂರಿನ ತನಕ ಬಾಣದಂತೆ ಹೋಗಿ, ಅಲ್ಲಿಂದ ಮುಂದೆ ಸಿಕ್ಕ ಸಿಕ್ಕ ಹುಣಸೆಮರದ ಕೆಳಗೆ ಏದುಸಿರು ಬಿಡುತ್ತ ಕೂರುವುದು ನನ್ನ ರೂಢಿಯಾಗಿತ್ತು.

ಮುಂದಿನ ವಾರ ರೈಲು ಬಂದೊಡನೆ ಔಷಧ ಇಸಿದುಕೊಂಡು ಹೊರಟೆ. ಓಡಬೇಕೆಂಬ ಆಸೆಯನ್ನು ಕಷ್ಟಪಟ್ಟು ಹಿಡಿದಿಟ್ಟೆ. ಹಾಡು ಬಾರದವನು ಭಜನೆಯ ಪದವೊಂದನ್ನು ಗಟ್ಟಿಯಾಗಿ ಹೇಳುತ್ತ ತುಳಿದೆ. ಕಲ್ಲೋಳಿಯ ಹತ್ತಿರ ಹೊಲದಲ್ಲಿದ್ದ ಹೆಂಗಸರು ತಲೆಯೆತ್ತಿ ನೋಡಿ ಬಿದ್ದು ಬಿದ್ದು ನಕ್ಕರು. ನಾನು ನಿಲ್ಲಲಿಲ್ಲ. ಮೂಡಲಗಿ ಮುಟ್ಟಿದಾಗ ಸಾಲಿಯ ಗಂಟೆ ಇನ್ನೂ ಹೊಡೆದಿರಲಿಲ್ಲ. ಬಟ್ಟೆ ಬಿಚ್ಚಿ ನಳಿಗೆಯನ್ನು ಕೆನ್ನೆಗೆ ಹಿಡಿದು ನೋಡಿದೆ. ತಣ್ಣಗಿತ್ತು.

ಎಂಟನೆಯ ದಿನ ಹೋದರೆ ಆ ಹೆಣ್ಣುಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. “ಎದ್ದಾವ್ರಿ ಡಾಕ್ಟರ್ರ, ಎಲ್ಲಾ ಎದ್ದಾವು!” ಕೂಸು ಜ್ವರದಿಂದ ಕಿರಿಕಿರಿ ಮಾಡುತ್ತಿತ್ತು, ತಾಯಿಯ ಮುಖ ಮಾತ್ರ ಅರಳಿತ್ತು. ಬಿಸಿ ರೊಟ್ಟಿಯ ಮೇಲೆ ಮುಷ್ಟಿ ಗಾತ್ರದ ಬೆಣ್ಣೆ ಇಟ್ಟು ಕೊಟ್ಟಳು. ತಿನ್ನುವಾಗ ನನ್ನ ಕಣ್ಣು ಒದ್ದೆಯಾದದ್ದು ಅವಳಿಗೆ ಕಾಣದಿರಲಿ ಎಂದು ರಜಿಸ್ಟರು ಬಿಡಿಸಿ ಕೂತೆ.

ಹುಕ್ಕೇರಿಯ ದಾರಿಯದು ಬೇರೆಯೇ ಕಾಟ. ಅಲ್ಲಿ ಪಡುವಣ ಗಾಳಿ ಎದುರಿಗೇ ಬರುತ್ತದೆ. ನನ್ನ ಉದ್ದ ಕೋಟು ಅದಕ್ಕೆ ಉಬ್ಬಿ ಹಿಂದಕ್ಕೆ ಎಳೆಯುತ್ತಿತ್ತು. ಕೋಟು ಕಳಚುವುದೆಂದರೆ ಡಾಕ್ಟರಿಕೆಯನ್ನೇ ಕಳಚಿದಂತೆ ಎಂದು ಕೆಲವು ದಿನ ಹಟ ಹಿಡಿದೆ. ಆಮೇಲೆ ಅದನ್ನು ಮಡಚಿ ಚೀಲಕ್ಕೆ ಹಾಕಿ, ಮೊಣಕೈ ಮಡಿಸಿ, ಬೆನ್ನು ಬಗ್ಗಿಸಿ ತುಳಿದೆ. ಯಮಕನಮರಡಿಯ ಚಾವಡಿಯಲ್ಲಿ ಇಳಿದಾಗ ಅಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಬೆನ್ನ ಹಿಂದಿನ ದಾರಿಯನ್ನೇ ನೋಡುತ್ತ ಕೇಳಿದರು: “ಡಾಕ್ಟರು ಹಿಂದ ಬರಾಕತ್ತಾರೇನ?”

“ನಾನರೀ ಡಾಕ್ಟರ.”

“ಖರೇನ?”

ಬೆವರಿನ ಅಂಗಿಯ ಮೇಲೆಯೇ ಕೋಟು ತೊಟ್ಟೆ. ಆಗ ಕಂಬಳಿ ಹಾಸಿದರು.

ಮರಳುವಾಗ ಅದೇ ಗಾಳಿ ಬೆನ್ನಿಗೆ ಬಂತು. ಬಹಳ ದೂರ ತುಳಿಯದೆಯೇ ಬಂದೆ. ಕೊಣ್ಣೂರಿನ ಹತ್ತಿರ ಹೊಳೆಯ ದಂಡೆಗೆ ಬಂದಾಗ ಹೊತ್ತು ಇನ್ನೂ ಸಾಕಷ್ಟಿತ್ತು. ಸೈಕಲ್ಲನ್ನು ಜಾಲಿಗೆ ಆನಿಸಿ, ಕಾಲುಗಳನ್ನು ನೀರಿಗೆ ಇಳಿಬಿಟ್ಟು, ಬುತ್ತಿ ಬಿಚ್ಚಿದೆ.