ಮೆಕ್ಯಾನಿಕ್ ಸೌಮ್ಯಾಳ ಮಗ್ಗಿ

ಕೊವೆಂಟ್ರಿಯ ಗ್ಯಾರೇಜಿನಲ್ಲಿ ಸೌಮ್ಯಾ ಬಾನೆಟ್ ಎತ್ತಿದಳೆಂದರೆ ಎಂಜಿನ್ನಿನ ಕೆಮ್ಮು ಎಲ್ಲಿಯದೆಂದು ಕಿವಿಯಲ್ಲೇ ಹಿಡಿಯುತ್ತಿದ್ದಳು. ಓದು ತಲೆಗೆ ಹತ್ತಲಿಲ್ಲ, ಕೆಲಸ ಕೈಗೆ ಹತ್ತಿತು. ಅದೇನು ಸಣ್ಣ ವಿದ್ಯೆಯಲ್ಲ. ಇಲ್ಲಿಯ ಬ್ರಿಟಿಷ್ ಸೇನೆಯಲ್ಲಿ ವಾಹನಗಳ ಮೆಕ್ಯಾನಿಕ್ ಆಗಬೇಕೆಂಬುದೊಂದೇ ಅವಳ ಹಟ. ಲೆಕ್ಕವೆಂದರೆ ಮಾತ್ರ ಹುಡುಗಿಯ ಮುಖ ಬಾಡಿದ ಬದನೆಕಾಯಿ. ಕ್ಯಾಲ್ಕುಲೇಟರ್ ಒತ್ತಿಯೇ ಬೆಳೆದವಳು. ಸೇನೆಯ ಪ್ರವೇಶ ಪರೀಕ್ಷೆಯಲ್ಲೋ ಅದನ್ನು ಮುಟ್ಟುವಂತಿಲ್ಲ.

ಅಪ್ಪ ಕರಬಸಪ್ಪ ಹಾವೇರಿ ಕಡೆಯವರು, ಕಾರು ಕಾರ್ಖಾನೆಯ ಎಂಜಿನಿಯರ್. ಮಗಳನ್ನು ಅಡುಗೆಮನೆಯ ಮೇಜಿಗೆ ಕೂರಿಸಿ, ತಾವು ಕಲಿತಂತೆಯೇ ಕನ್ನಡದ ಮಗ್ಗಿಯನ್ನು ಬಾಯಿಪಾಠ ಮಾಡಿಸಿದರು. ಎಂಟೊಂದ್ಲೆ ಎಂಟು, ಎಂಟೆರಡ್ಲೆ ಹದಿನಾರು ಎಂದು ಇಬ್ಬರೂ ರಾಗ ಎಳೆಯುತ್ತಿದ್ದರೆ ಒಲೆಯ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ. ಚಳಿಗಾಲ ಕಳೆಯುವಷ್ಟರಲ್ಲಿ ಎಲ್ಲಿಯೂ ತಡವರಿಸದೆ ಒಪ್ಪಿಸಿದಳು. ಗೆದ್ದೆನೆಂದೇ ಬಗೆದು ಗ್ಯಾರೇಜಿನ ಕೆಲಸವನ್ನೂ ಬಿಟ್ಟಳು.

ಪರೀಕ್ಷೆ ಮುಗಿಸಿ ಬರ್ಮಿಂಗ್‌ಹ್ಯಾಮಿನ ಕೇಂದ್ರದಿಂದ ಹೊರಬಂದವಳು ಅಪ್ಪನ ಕಾರಿನಲ್ಲಿ ಧೊಪ್ಪನೆ ಕೂತಳು.

"ಯಾಕವ್ವಾ, ಏನಾತು?"

"ಎಂಟೇಳ್ಲೆ ಕೇಳಿದ್ರು ಅಪ್ಪಾ. ನಾ ಎಂಟೊಂದ್ಲೆಯಿಂದ ಸ್ಟಾರ್ಟ್ ಮಾಡ್ದೆ. ಐವತ್ತಾರಕ್ಕ ಬರೋದ್ರಾಗ ಟೈಮ್ ಮುಗೀತು. ಎಲ್ಲಾ ಕ್ವೆಶ್ಚನ್ನೂ ಹಂಗ."

"ನಡುವಿಂದ ಹೇಳಾಕ ಬರಂಗಿಲ್ಲೇನು?"

"ನೀವ್ ನಡುವಿಂದ ಯಾವಾಗ ಕೇಳಿದ್ರಿ?"

ವರ್ಷಗಟ್ಟಲೆ ಕಾರ್ಖಾನೆಯಲ್ಲಿ ದುಡಿದ ಕರಬಸಪ್ಪನವರಿಗೆ ನಡುವಿನ ಲೆಕ್ಕ ತಾನಾಗಿ ನಾಲಿಗೆಗೆ ಬರುತ್ತಿತ್ತು. ಮಗಳಿಗೆ ಅದನ್ನು ಬೇರೆಯಾಗಿ ರೂಢಿ ಮಾಡಿಸಬೇಕೆಂಬುದು ಹೊಳೆದೇ ಇರಲಿಲ್ಲ.

"ಒಳಗ ಸೇರಿದ ಮ್ಯಾಲ ಎಲ್ಲಾ ಲೆಕ್ಕಕ್ಕೂ ಟ್ಯಾಬ್ಲೆಟ್ ಕೊಡ್ತಾರಂತ," ಸೌಮ್ಯಾ ಮೂಗು ಒರೆಸಿಕೊಂಡಳು. "ಬಾಗಲಾ ದಾಟಾಕ ಮಾತ್ರ ಬರೀ ತಲಿ ಬೇಕಂತ. ನನ್ನ ಸ್ಕೋರ್‌ಗೆ ಮೆಕ್ಯಾನಿಕ್ ಕೊಡಂಗಿಲ್ಲ. ಅಡಿಗಿ ಕೆಲಸಕ್ಕ ಬೇಕಾದ್ರ ಬಾ ಅಂದ್ರು."

"ಇನ್ನೊಮ್ಮೆ ಬರದ್ರಾತು."

"ಅದಕ್ಕ ಭಾಳ ತಿಂಗಳು ಕಾಯಬೇಕು."

"ಅಲ್ಲೀತನಕ ಹಳೇ ಕೆಲಸಾನ ಕೇಳು. ಹಚ್ಚು ಫೋನು."

ಹಚ್ಚಿದಳು. ಗ್ಯಾರೇಜಿನ ಮಾಲೀಕ ಒಳ್ಳೆಯವನೇ; ದನಿ ತಗ್ಗಿಸಿ, ನಿನ್ನ ಜಾಗಕ್ಕೆ ಬೇರೆಯವನನ್ನು ತೆಗೆದುಕೊಂಡಾಯಿತಲ್ಲ ಎಂದು ಮರುಗಿದ. ಸೌಮ್ಯಾ ಅವನಿಗೆ ಥ್ಯಾಂಕ್ಸ್ ಹೇಳಿ ಫೋನು ಇಟ್ಟಳು.

ಕರಬಸಪ್ಪ ಕಾರಿನ ಕೀಲಿ ಹಿಡಿದವರು ತಿರುಗಿಸಲಿಲ್ಲ. ಮಗಳ ಭುಜ ಮುಟ್ಟಲು ಚಾಚಿದ ಕೈ ನಡುದಾರಿಯಲ್ಲೇ ನಿಂತಿತು.

"ಅಪ್ಪಾ," ಎಂದಳು ಸೌಮ್ಯಾ, ಕಿಟಕಿಯಾಚೆ ನೋಡುತ್ತ, "ನಂಗ ಅಡಿಗೀನೂ ಬರಂಗಿಲ್ಲಲ್ಲ."