ಹೊಟ್ಟೆ ತುಂಬಿದ ಚಿತ್ರ

ಇನ್ನೊಬ್ಬರ ಮಾತು ಕೇಳಿ ನಾನು ಕೆಡಿಸಿದ ಚಿತ್ರ ಒಂದೇ ಒಂದು. ಕೆಟ್ಟುಹೋದ ಉಳಿದವನ್ನೆಲ್ಲ ಸ್ವಂತ ಬುದ್ಧಿಯಿಂದಲೇ ಕೆಡಿಸಿದ್ದೇನೆ, ಅದರ ಬಗ್ಗೆ ನನಗೆ ಬೇಸರವಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೆಳಗಾವಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆಯ ಶಿಕ್ಷಕಿಯಾಗಿದ್ದೆ, ಶಿವಬಸವ ನಗರದ ಮನೆಯಲ್ಲಿ ಅವ್ವನ ಜೊತೆ ಇದ್ದೆ. ನನಗೆ ಕುಂಚ ಹಿಡಿಯಲು ಕಲಿಸಿದ ಮಾಸ್ತರರು ಊರಿಗೆಲ್ಲ ಹೆಸರಾದವರು. ಹಲಸಿ ಊರಿನ ಕದಂಬರ ಕಾಲದ ಗುಡಿಯನ್ನು ಅವರು ಜಲವರ್ಣದಲ್ಲಿ ಬರೆದರೆ ಕಲ್ಲಿನ ಮೇಲಿನ ಪಾಚಿ ಕೂಡ ಒದ್ದೆಯಾಗಿ ಕಾಣುತ್ತಿತ್ತು. ಎಪ್ಪತ್ತರ ದಶಕವಿಡೀ ಅವರ ಬೆನ್ನ ಹಿಂದೆ ಹೋಗಿ ನಾನೂ ಅದೇ ಗುಡಿ ಬರೆದೆ. ಬೆಳಕು ಎಡದಿಂದ, ನೆರಳು ಬಲಕ್ಕೆ. ಮೊದಲು ಪೆನ್ಸಿಲ್, ಆಮೇಲೆ ಬಣ್ಣ. ಏನು ಮೂಡುತ್ತದೆ ಎಂದು ಗೊತ್ತಿಲ್ಲದೆ ಕಾಗದ ಮುಟ್ಟಬಾರದು ಎಂಬುದು ಅವರ ನಿಯಮ. ನನಗೆ ಎಲ್ಲವೂ ಮೊದಲೇ ಗೊತ್ತಿರುತ್ತಿತ್ತು. ಹಾಗಾಗಿ ಒಂದು ದಿನ ಬರೆಯುವ ಆಸೆಯೇ ಸತ್ತುಹೋಯಿತು.

ಆ ಬೇಸರದಲ್ಲೇ ದೀಪಾವಳಿ ರಜೆಯಲ್ಲಿ ಲೋಂಡಾ ಕಡೆಯ ಪ್ಯಾಸೆಂಜರ್ ರೈಲು ಹತ್ತಿ ಖಾನಾಪುರದಲ್ಲಿ ಇಳಿದೆ. ಅಲ್ಲಿ ನನ್ನ ಸೋದರತ್ತೆ, ಅಪ್ಪನ ಅಕ್ಕ, ಇದ್ದಳು. ಹಳೆಯ ಸೀರೆ, ಧೋತರ, ಲಂಗಗಳ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಓಣಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಅವಳ ಕೌದಿಯೇ ಆಗಬೇಕು. ಮೂರು ದಿನ ಎದುರು ಕೂತು ನೋಡಿದೆ. ಪೆನ್ಸಿಲ್ ಇಲ್ಲ, ಗೆರೆ ಇಲ್ಲ. ಮೂಲೆಯಿಂದ ಶುರು ಮಾಡಿ ಸುತ್ತುತ್ತ ಒಳಗೆ ಬರುವಳು. ಕೆಂಪಿನ ಪಕ್ಕ ಹಸಿರು ಇಟ್ಟು, ಕತ್ತು ಓರೆ ಮಾಡಿ ನೋಡಿ, ಹಸಿರನ್ನು ಎತ್ತಿ ಒಗೆಯುವಳು.

"ಯಾವ ತುಂಡು ಎಲ್ಲಿ ಬರಬೇಕಂತ ನಿನಗ ಯಾವಾಗ ಗೊತ್ತಾಗತೈತಿ ಅತ್ತಿ?" ಎಂದು ಕೇಳಿದೆ.

"ಇಟ್ಟ ಮ್ಯಾಲ," ಅಂದಳು. "ಮೊದಲ ಗೊತ್ತಿದ್ರ ಯಾಕ ಹೊಲೀಬೇಕ? ಅಂಗಡ್ಯಾಗ ಕಂಬಳಿ ಸಿಗತಾವಲ್ಲ."

ಅವಳ ಪಡಸಾಲೆಯಲ್ಲೇ ಗೋಣಿತಟ್ಟು ಹಾಸಿ, ಅದರ ಮೇಲೇ ಚಿತ್ರ ಮಾಡಲು ಕೂತೆ. ಹೆಂಚಿನ ಭಟ್ಟಿಯ ಬಳಿಯಿಂದ ತಂದ ಕೆಂಪು ಮಣ್ಣು, ಹುಣಸೆ ಬೀಜದ ಅಂಟು, ಬಟ್ಟೆಗೆ ಹಾಕುವ ನೀಲಿ, ದೀಪದ ಕಾಡಿಗೆ, ಅತ್ತೆ ಬೇಡವೆಂದು ಒಗೆದ ತುಂಡುಗಳು, ಹಳೆಯ ಪೇಪರಿನ ಚೂರುಗಳು. ಕುಂಚ ಸಾಲದಾದಾಗ ಅಂಗೈ, ಅಂಗೈ ಸಾಲದಾದಾಗ ಮುರಿದ ಬಾಚಣಿಗೆ. ಬಳಿದೆ, ಕೆರೆದೆ, ನೀರು ಸುರಿದು ತೊಳೆದೆ, ಮತ್ತೆ ಬಳಿದೆ. ಹತ್ತು ವರ್ಷ ಒಂದೇ ಗುಡಿ ಬರೆದ ಕೈಗೆ ಮೊದಲ ಸಲ ಭಯವೂ ಖುಷಿಯೂ ಒಟ್ಟಿಗೇ ಆಯಿತು. ಯಾವುದರ ಚಿತ್ರ ಅದು ಎಂದು ಮುಂದೆ ಬಹಳ ಜನ ಕೇಳಿದರು. ಕನ್ನಡ ಪೇಪರ್ ಮೇಲೆ ಬಂದಿದೆಯೋ ಮರಾಠಿ ಪೇಪರೋ ಎಂದು ಬಗ್ಗಿ ನೋಡಿದವರೂ ಇದ್ದಾರೆ, ಗಡಿಯಲ್ಲಿರುವ ನಮ್ಮ ಊರು ಅಂಥದ್ದು. ಅಂಟು ಎರಡಕ್ಕೂ ಒಂದೇ ರೀ ಎಂದು ಹೇಳುತ್ತಿದ್ದೆ.

ಕೊನೆಗೆ ಹಿಂಬದಿಗೆ ಹಳೆಯ ಸೀರೆಯ ಅಸ್ತರು ಕೊಟ್ಟು ಅಂಚು ಹೊಲಿದೆ. ಕೊನೆಯ ಮೂಲೆ ಮುಚ್ಚುವಾಗ ಅತ್ತೆ ನನ್ನ ಕೈ ಹಿಡಿದಳು.

"ಹೊಟ್ಟಿ ಖಾಲಿ ಇಟ್ಟು ಬಾಯಿ ಹೊಲೀಬಾರದು."

ಕೌದಿಯ ಕೊನೆಯ ಮೂಲೆಯೊಳಗೆ ಉಣ್ಣುವುದನ್ನು ಏನಾದರೂ ಇಟ್ಟೇ ಮುಚ್ಚುವುದು ಅವಳ ರೂಢಿ. ಹಸಿದ ಕೌದಿ ಹೊದ್ದವರ ಮನೆ ಹಸಿಯುತ್ತದಂತೆ.

"ಇದು ಕೌದಿ ಅಲ್ಲ ಅತ್ತಿ, ಚಿತ್ರ."

"ಚಿತ್ರಕ್ಕ ಹಸಿವು ಆಗೂದಿಲ್ಲಂತ ಯಾರ ಹೇಳ್ಯಾರ?"

ನಾಲ್ಕು ಕಾಳು ಅಕ್ಕಿ ಸಾಕು ಅಂದಳು. ನಾನು ಹುರುಪಿನಲ್ಲಿ, ತುಪ್ಪ ಸವರಿದ ಹೋಳಿಗೆಯ ಚೂರನ್ನೇ ತುರುಕಿ ಹೊಲಿದುಬಿಟ್ಟೆ.

ಆ ಚಳಿಗಾಲದಲ್ಲಿ ಬೆಳಗಾವಿಯಲ್ಲೊಂದು ಚಿತ್ರಪ್ರದರ್ಶನ. ಮಾಸ್ತರರೇ ಅದನ್ನು ನಡೆಸುವ ಹಿರಿಯರು. ನಾನೂ ಚಿತ್ರ ಕಳಿಸಿದೆ. ಉದ್ಘಾಟನೆಯ ಹಿಂದಿನ ದಿನ ಹೋಗಿ ನೋಡಿದರೆ ಗೋಡೆಯ ಮೇಲೆ ಅದು ಇಲ್ಲ. ಹೆಂಗಸರ ಕೈಕೆಲಸದ ಟೇಬಲ್ಲಿನ ಮೇಲೆ, ಕ್ರೋಶಾ ಕಡ್ಡಿಯಲ್ಲಿ ಹೆಣೆದ ಹಾಸು ಮತ್ತು ಮಣಿಯ ಗಿಳಿಯ ನಡುವೆ, ನಾಲ್ಕು ಮಡಿಕೆಯಾಗಿ ಬಿದ್ದಿತ್ತು. ಮಡಚಿದ ಕಡೆ ಮಣ್ಣು ಬಿರುಕುಬಿಟ್ಟು ಕೆಂಪು ಪುಡಿ ಉದುರಿತ್ತು. ನನಗೆ ಮೈಯೆಲ್ಲ ಉರಿಯಿತು.

"ಕೌದಿ ಛಲೋ ಹೊಲದೀದಿ," ಎಂದರು ಮಾಸ್ತರರು. ಅವರು ಚೇಷ್ಟೆ ಮಾಡುತ್ತಿರಲಿಲ್ಲ, ಮನಸಾರೆ ಮೆಚ್ಚಿದ್ದರು.

ನಾನು ಅದರ ಮಡಿಕೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಚಿತ್ರಗಳ ಕೋಣೆಗೆ ಹೋದೆ. ಸುತ್ತಿಗೆ ಇಸಿದುಕೊಂಡು ಎರಡು ಹಲಸಿ ಗುಡಿಗಳ ನಡುವೆ ಮೊಳೆ ಹೊಡೆದು ತೂಗುಹಾಕಿದೆ. ಹಿಂದೆಯೇ ಬಂದ ಮಾಸ್ತರರು ನೋಡಿ, "ಇರಲಿ ಬಿಡು," ಅಂದರು.

ಮರುದಿನ ಹೊರಗಿನಿಂದ ಬಂದ ತೀರ್ಪುಗಾರರು ಅದಕ್ಕೇ ಎರಡನೆಯ ಬಹುಮಾನದ ಚೀಟಿ ಅಂಟಿಸಿದರು. ಮಧ್ಯಾಹ್ನದೊಳಗೆ ಕೆಂಪಿರುವೆಗಳೂ ಬಂದವು. ಪಕ್ಕದ ಚಿತ್ರದ ಶಿಖರದ ಮೇಲಿಂದ ಇಳಿದು ನನ್ನ ಚಿತ್ರದ ಮೂಲೆಗೆ ಸಾಲುಗಟ್ಟಿದ್ದವು.

"ಒಳಗ ಏನ ಇಟ್ಟೀದಿ?" ಎಂದು ಮಾಸ್ತರರು ಕೇಳಿದರು.

"ಹೋಳಿಗಿ ರೀ."

ಸುತ್ತ ನಿಂತವರು ನಕ್ಕರು. ಮಾಸ್ತರರು ನಗಲಿಲ್ಲ. "ಬಹುಮಾನದ ಚಿತ್ರ ಇದು. ನಾಳೆ ದೊಡ್ಡ ಮಂದಿ ಬರ್ತಾರ. ಅದನ್ನಷ್ಟ ತಗದಬಿಡು, ನನ್ನ ಮಾತು ಕೇಳು," ಎಂದು ಮೆತ್ತಗೆ ಹೇಳಿದರು. ಗದರಿದ್ದರೆ ಜಗಳ ಕಾಯುತ್ತಿದ್ದೆ. ಕಲಿಸಿದವರು ಬೇಡಿಕೊಂಡಂತೆ ಹೇಳಿದಾಗ ನನ್ನ ಹಟವೆಲ್ಲ ಇಳಿದುಹೋಯಿತು. ಬ್ಲೇಡಿನಿಂದ ಹೊಲಿಗೆ ಬಿಚ್ಚಿ, ಹೋಳಿಗೆ ತೆಗೆದು ಒಗೆದು, ಮೂಲೆ ಮುಚ್ಚಿದೆ. ಮುಂದಿನಿಂದ ನೋಡುವವರಿಗೆ ಏನೂ ವ್ಯತ್ಯಾಸ ಕಾಣದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಾಧಾನ ಆಗಲಿಲ್ಲ.

ಮೂರನೆಯ ದಿನ ಅತ್ತೆ ಬುತ್ತಿ ಕಟ್ಟಿಕೊಂಡು ಖಾನಾಪುರದಿಂದ ಬಂದಳು. ಬಣ್ಣ ನೋಡಲಿಲ್ಲ, ಚೀಟಿ ನೋಡಲಿಲ್ಲ. ನೇರವಾಗಿ ಮೂಲೆಯನ್ನು ಬೆರಳಲ್ಲಿ ಹಿಸುಕಿದಳು.

"ಯಾರ ತಗದ್ರು?"

"ನಾನ. ಇರುವಿ ಬಂದಿದ್ವು."

"ಖರೇ ಐತಿ. ಉಣ್ಣಾಕ ಇದ್ದಲ್ಲಿ ಬರ್ತಾವ," ಎಂದಷ್ಟೇ ಹೇಳಿ ಬೇರೆ ಚಿತ್ರ ನೋಡಲು ಹೋದಳು.

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ನಾಚಿಕೆಯಾಯಿತು, ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ಇಟ್ಟ ಮೇಲೆಯೇ ಗೊತ್ತಾಗುತ್ತದೆ ಎಂದು ನಂಬಿ ಇಡೀ ಚಿತ್ರ ಮಾಡಿದವಳು, ಅದರಲ್ಲಿ ಅತ್ಯಂತ ನಂಬಿ ಇಟ್ಟದ್ದನ್ನೇ ಒಂದು ಚೀಟಿಗಾಗಿ ಕಿತ್ತು ಒಗೆದಿದ್ದೆ.

ಅತ್ತೆಯನ್ನು ಕರೆದು ಬುತ್ತಿ ಬಿಚ್ಚಿಸಿದೆ. ರೊಟ್ಟಿಯ ಜೊತೆ ಶೇಂಗಾ ಹೋಳಿಗೆ ಇತ್ತು. ಅವಳ ಹತ್ತಿರ ಸೂಜಿದಾರ ಇಲ್ಲದ ದಿನವೇ ಇರಲಿಲ್ಲ. ಗೋಡೆಯ ಮೇಲಿದ್ದ ಹಾಗೆಯೇ, ಎಲ್ಲರ ಎದುರಿಗೆ, ಬ್ಲೇಡಿನಿಂದ ಮೂಲೆ ಬಿಚ್ಚಿ, ಹೋಳಿಗೆಯ ತುಂಡು ಇಟ್ಟು ಹೊಲಿಯತೊಡಗಿದೆ. ಮಾಸ್ತರರು ಲಗುಬಗೆಯಿಂದ ಬಂದರು.

"ಮತ್ತ ಇರುವಿ ಬರ್ತಾವ."

"ಬರಲಿ ರೀ."

"ತಗಿ ಅದನ್ನ."

"ನಾ ತಗ್ಯಾಂಗಿಲ್ಲ ರೀ ಸರ್. ತಗೀಬೇಕಂದ್ರ ನೀವ ತಗೀರಿ." ದಾರ ಕಡಿದು, ಬ್ಲೇಡನ್ನು ಅವರ ಮುಂದೆ ಹಿಡಿದೆ.

ಅವರು ಬ್ಲೇಡು ತೆಗೆದುಕೊಂಡರು. ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದರು. ಅವರೂ ಕೌದಿ ಹೊದ್ದೇ ಬೆಳೆದವರು, ಹೊಟ್ಟೆ ತುಂಬಿದ ಮೂಲೆ ಕೈಗೆ ಹೇಗೆ ಹತ್ತುತ್ತದೆ ಎಂದು ಅವರಿಗೆ ಗೊತ್ತಿರದೆ ಇರಲಿಕ್ಕಿಲ್ಲ. ಹೊಲಿಗೆ ಕಡಿಯದೆ ಬ್ಲೇಡನ್ನು ಅತ್ತೆಯ ಕೈಗೆ ಕೊಟ್ಟರು. ಆಮೇಲೆ ಬಹುಮಾನದ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹೊರಟುಹೋದರು. ನಾನು ತಡೆಯಲಿಲ್ಲ. ಪ್ರದರ್ಶನ ಮುಗಿಯುವ ದಿನದವರೆಗೂ ಚಿತ್ರ ಹೋಳಿಗೆಯ ಸಮೇತ ಗೋಡೆಯ ಮೇಲೇ ಇತ್ತು.