ತಡವಾಗಿ ಮೇಲೆ ಬಂದ ಅಕ್ಕಿ

ಕಡಲತಳದ ಕಲ್ಲನ್ನು ಓದಬಲ್ಲವರ ಸಾಲಿನಲ್ಲಿ, ಮೂವತ್ತೈದು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಭೂವಿಜ್ಞಾನಿ ಮೇಡಂ ಅವರ ಸ್ಥಾನವನ್ನು ಅವರು ಕಂಡುಹಿಡಿದ ಎಣ್ಣೆಯಿಂದ ಅಳೆಯುವವರು ಹಲವರು. ನಾನು ಮಾತ್ರ ಮುಚ್ಚಿಹೋದ ಒಂದು ಎಣ್ಣೆಬಾವಿಯಿಂದ ಅಳೆಯುತ್ತೇನೆ.

ಸಮುದ್ರದ ಕೊರೆವೇದಿಕೆಗಳಲ್ಲಿ ಹೆಂಗಸರೇ ಇಲ್ಲದ ಕಾಲದಲ್ಲಿ ಅವರು ಸೇವೆಗೆ ಸೇರಿದರು. ಕೆಲಸಗಾರರು ಬೆನ್ನ ಹಿಂದೆ ‘ಕಲ್ಲಕ್ಕ’ ಎನ್ನುತ್ತಿದ್ದುದು ಕಿವಿಗೆ ಬಿದ್ದಾಗ, ಹೆಲ್ಮೆಟ್ಟಿನ ಮೇಲೆ ಅದನ್ನೇ ಬರೆಸಿಕೊಂಡರು. ಅಲೆಯ ತೂಗಾಟಕ್ಕೆ ನಾನು ಮೂರು ದಿನ ಹಾಸಿಗೆ ಹಿಡಿದಾಗ, ನನ್ನ ಪಾಳಿಯನ್ನೂ ತಾವೇ ಮಾಡಿ ಯಾರಿಗೂ ಹೇಳಲಿಲ್ಲ.

ಕೊರೆಯುವಾಗ ಆಳದಲ್ಲಿ ಒಡೆದ ಕಲ್ಲಿನ ಚೂರು, ಪಂಪುಗಳು ಕೊಳವೆಯೊಳಗೆ ತಳ್ಳುವ ಕೆಸರಿನ ಹರಿವಿನೊಡನೆ ಮೇಲೆ ಬರಲು ಗಂಟೆಗಟ್ಟಲೆ ಹಿಡಿಯುತ್ತದೆ. ಆ ತಡವನ್ನು ಲೆಕ್ಕ ಹಾಕಿದರಷ್ಟೇ ಯಾವ ಚೂರು ಯಾವ ಆಳದ್ದೆಂದು ತಿಳಿದೀತು. ಬರಿಯ ಲೆಕ್ಕವನ್ನು ನಂಬದ ಮೇಡಂ, ದಿನಕ್ಕೊಮ್ಮೆ ಬಣ್ಣ ಹಚ್ಚಿದ ಒಂದು ಹಿಡಿ ಅಕ್ಕಿಯನ್ನು ಕೊಳವೆಗೆ ಸುರಿದು, ಅದು ಕೆಸರು ಸೋಸುವ ಜರಡಿಯ ಮೇಲೆ ಕಾಣುವವರೆಗೆ ಗಡಿಯಾರ ಹಿಡಿದು ನಿಲ್ಲುತ್ತಿದ್ದರು.

ನಾನು ಸೇರಿ ಮೂರು ತಿಂಗಳಾಗಿತ್ತು. ಒಂದು ಬೆಳಗ್ಗೆ ಎಣ್ಣೆಯ ಕಲೆಯಿದ್ದ ಮರಳುಗಲ್ಲು ಬಂತು. ಹನ್ನೆರಡು ಮೀಟರ್ ದಪ್ಪವೆಂದು ನಾನು ಚೀಟಿ ಬರೆದೆ. ಮೇಡಂ ನನ್ನನ್ನು ನಂಬಿ ಸಹಿ ಹಾಕಿ ದಡದ ಕಚೇರಿಗೆ ವರದಿ ಕಳಿಸಿದರು. ಅಡುಗೆಯವರೂ ಓಡಿಬಂದು ಕೈಕುಲುಕಿದರು. ಮಧ್ಯಾಹ್ನ ಸುರಿದ ಅಕ್ಕಿ ಬರಬೇಕಾದ ಹೊತ್ತಿಗೆ ಬರಲಿಲ್ಲ. ಅದರ ಎರಡರಷ್ಟು ಹೊತ್ತು ಹಿಡಿಯಿತು.

“ಬೆಳಗ್ಗೆ ಒಂದು ಪಂಪು ನಿಂತದ್ದು ನಿನಗೆ ಗೊತ್ತಿತ್ತೇನಪ್ಪ?”

“ಗೊತ್ತಿತ್ತು ಮೇಡಂ. ಲೆಕ್ಕ ಬದಲಿಸೋದು ಮರೆತೆ.”

ಚೂರುಗಳು ಇನ್ನೂ ದಾರಿಯಲ್ಲಿದ್ದಾಗಲೇ ಹರಿವು ಅರ್ಧವಾಗಿತ್ತು. ಅವು ನಿಧಾನವಾಗಿ, ಎರಡರಷ್ಟು ಹೊತ್ತು ಬರುತ್ತಲೇ ಇದ್ದುದರಿಂದ ಆರು ಮೀಟರ್ ಕಲ್ಲು ನನ್ನ ಚೀಟಿಯಲ್ಲಿ ಹನ್ನೆರಡಾಗಿತ್ತು. ಮೇಡಂ ಆಗಲೇ ಫೋನ್ ಎತ್ತಿಕೊಂಡರು. “ಸಹಿ ನಂದು ಸಾರ್, ತಪ್ಪೂ ನಂದೇ,” ಎಂದರು. ಅತ್ತಲಿನ ಕೂಗು ನನಗೂ ಕೇಳಿಸಿತು.

“ನಾನೇ ಹೇಳ್ತೀನಿ ಮೇಡಂ,” ಎಂದೆ.

“ಈಗ ಹೇಳಿದ್ರೆ ನಾಳೆ ಹೆಲಿಕಾಪ್ಟರಲ್ಲಿ ಮನೆಗೆ ಕಳಿಸ್ತಾರೆ. ಮೊದಲು ಕೆಲಸ ಕಲಿ. ಆಮೇಲೆ ಹೇಳುವಿಯಂತೆ.” ಚೀಟಿ ತಿದ್ದಲು ರಬ್ಬರು ಹಿಡಿದಿದ್ದ ನನ್ನ ಕೈ ತಡೆದರು: “ಅಳಿಸಬೇಡ. ಒಂದೇ ಗೆರೆ ಹೊಡಿ. ಹಳೇದು ಓದೋ ಹಾಗಿರಲಿ.”

ಎಣ್ಣೆ ತೆಗೆಯುವ ಖರ್ಚಿಗೆ ಆರು ಮೀಟರ್ ಸಾಲಲಿಲ್ಲ. ಬಾವಿಗೆ ಸಿಮೆಂಟು ತುಂಬಿ ಮುಚ್ಚಿದರು. ಆ ವರ್ಷ ಮೇಡಂ ಕೈಗೆ ಬಂದಿದ್ದ ಮುಖ್ಯಸ್ಥರ ಹುದ್ದೆ ಬಾಯಿಗೆ ಬರಲಿಲ್ಲ. ಅವರು ನನ್ನ ಹೆಸರನ್ನು ಎಂದೂ ಎತ್ತಲಿಲ್ಲ.

ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ನಾನು ‘ಆಮೇಲೆ’ ಎನ್ನುತ್ತಲೇ ಇಪ್ಪತ್ತೊಂದು ವರ್ಷ ಕಳೆದೆ. ಹಾಳಾದದ್ದು ನನ್ನ ಮನೆಯಲ್ಲ. ಅವರಿಗೆ ತಪ್ಪಿದ ಕುರ್ಚಿಯಲ್ಲಿ ಇಂದು ನಾನು ಕೂತಿದ್ದೇನೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಮೇಡಂ ಆರೋಗ್ಯದಿಂದ ನೂರು ವರ್ಷ ಬಾಳಲಿ. ಸುಮ್ಮನೆ ಕೂರುವ ಜೀವವಲ್ಲ ಅದು. ಹಳೆಯ ಕಲ್ಲುಚೂರುಗಳ ಉಗ್ರಾಣವನ್ನು ಜೋಡಿಸಿಕೊಡಲು ಮುಂದಿನ ತಿಂಗಳಿಂದಲೇ ಬರುತ್ತಾರಂತೆ. ಬಂದಾಗ ಆ ಬಾವಿಯ ಕಡತವನ್ನೇ ಮೊದಲು ತೆರೆಯಲಿ ಎಂದು ಬೇಡುತ್ತೇನೆ. ತಪ್ಪು ಯಾರದೆಂಬಲ್ಲಿ ಅವರ ಹೆಸರಿನ ಮೇಲೆ ನಿನ್ನೆ ಒಂದು ಗೆರೆ ಹೊಡೆದು, ಪಕ್ಕದಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದ್ದೇನೆ. ಹಳೆಯದು ಓದುವ ಹಾಗೆಯೇ ಇದೆ, ಮೇಡಂ.